ಯಹೂದಿ ಮೇಷ್ಟ್ರು ಐಮಂಗಲದಲ್ಲಿ

ಹೊಸದುರ್ಗದ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಇತಿಹಾಸ ಕಲಿಸುತ್ತಿದ್ದೇನೆ. ಕೊಚ್ಚಿಯ ಯಹೂದಿಗಳು ಊರು ಬಿಟ್ಟು ಇಸ್ರೇಲಿಗೆ ಹೋದದ್ದರ ಬಗ್ಗೆ ನಾನೂರು ಪುಟದ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವನು ನಾನು. ಇಸ್ರೇಲ್ ಕಂಡಿಲ್ಲ. ಹೀಬ್ರೂ ಅಕ್ಷರ ಗುರುತಿಸುತ್ತೇನೆ, ಓದಲು ಬಾರದು. ವಿಶ್ವವಿದ್ಯಾಲಯ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪ್ರಬಂಧವನ್ನು ಪೂರ್ತಿ ಓದಿದವಳು ಅದನ್ನು ಟೈಪ್ ಮಾಡಿದ ಹೇಮಾವತಿ ಒಬ್ಬಳೇ. ಆಮೇಲೆ ನನ್ನನ್ನು ಮದುವೆಯಾದಳು. ಅದಕ್ಕೆ ಪ್ರಬಂಧ ಕಾರಣವಲ್ಲ ಎಂದು ಈಗಲೂ ಹೇಳುತ್ತಾಳೆ.

ಹೋದ ವರ್ಷ ಐಮಂಗಲದಿಂದ ಜುಂಜಣ್ಣ ಎಂಬುವರು ಫೋನ್ ಮಾಡಿದರು. "ಸಾರ್, ವಲಸೆ ಬಗ್ಗೆ ದೊಡ್ಡ ಸಂಶೋಧನೆ ಮಾಡೀರಂತೆ. ನಮ್ಮ ಜನಕ್ಕೆ ಒಂದೆರಡು ಮಾತು ಹೇಳ್ಬೇಕು, ಬರ್ರಿ."

ಯಾವ ವಲಸೆ ಎಂದು ಕೇಳಬೇಕಿತ್ತು. ಕರೆದರಲ್ಲ ಎಂಬ ಖುಷಿಯಲ್ಲಿ ಹೊಸ ಕೋಟು ಹೊಲಿಸಿಕೊಂಡೆ.

ಸಮುದಾಯ ಭವನದ ಬಾಗಿಲಲ್ಲಿ ಬ್ಯಾನರಿತ್ತು: "ಯಾದವರ ವಲಸೆ, ಡಾ. ಗಿರೀಶ್ ಅವರಿಂದ ಉಪನ್ಯಾಸ." ಒಳಗೆ ಯಾದವರೆಂದು ಕರೆದುಕೊಳ್ಳುವ, ಕುರಿ ಸಾಕುವ ಗೊಲ್ಲ ಕುಟುಂಬಗಳ ಇನ್ನೂರು ಜನ. ಯಾರ ಬಾಯಲ್ಲೋ ಯಹೂದಿ ಹೋಗಿ ಯಾದವ ಆಗಿಬಿಟ್ಟಿತ್ತು.

ಜುಂಜಣ್ಣನವರ ಕಿವಿಯಲ್ಲಿ ನಿಜ ಹೇಳಿದೆ. ಅವರು ಒಂದು ಕ್ಷಣ ನನ್ನ ಕೋಟನ್ನೇ ನೋಡಿದರು. "ಆಯ್ತು ಬಿಡ್ರಿ ಸಾರ್. ಅಡಿಗೆ ಆಗಾಕೆ ಇನ್ನೂ ಒಂದು ತಾಸೈತೆ. ಆ ಯಹೂದಿಗಳದ್ದೇ ಹೇಳ್ರಿ."

ಹೇಳಿದೆ. ಅಂಕಿಅಂಶಕ್ಕೆ ಬರುವ ಹೊತ್ತಿಗೆ ಮುಂದಿನ ಸಾಲು ಆಕಳಿಸುತ್ತಿತ್ತು. ಆಗ ಮುದ್ದಕ್ಕ ಎಂಬ ಹಿರಿಯರೊಬ್ಬರು ಎದ್ದರು. "ಅಲ್ಲಪ್ಪ, ಅವ್ರು ಹೋಗಾವಾಗ ದೇವ್ರನ್ನ ಬಿಟ್ಟೋದ್ರಾ, ಹೊತ್ಕಂಡೋದ್ರಾ?"

"ಅವರಲ್ಲಿ ಮೂರ್ತಿ ಇಲ್ಲಮ್ಮ. ಧರ್ಮಗ್ರಂಥದ ಸುರುಳಿಗಳು ಇರ್ತಾವೆ. ಕೆಲವನ್ನ ಜೊತೆಗೆ ತಗಂಡೋದ್ರು."

"ಯಾರು ಹೊತ್ರು? ಹೊಸ ಊರಾಗೆ ಮೊದ್ಲು ದೇವ್ರಿಗೆ ಜಾಗ ಮಾಡಿದ್ರೋ, ತಮಗೆ ಮಾಡ್ಕಂಡ್ರೋ?"

ನನ್ನ ನಾನೂರು ಪುಟದಲ್ಲಿ ಆ ಸುರುಳಿಗಳಿಗೆ ಸಿಕ್ಕಿದ್ದು ಒಂದು ಅಡಿಟಿಪ್ಪಣಿ. "ಗೊತ್ತಿಲ್ಲಮ್ಮ" ಎಂದೆ.

"ಮತ್ತೆ ಏನು ಓದಿದ್ಯಪ್ಪ?"

ಸಭೆ ಎಚ್ಚೆತ್ತು ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ದಸರಾ ರಜೆಯಲ್ಲಿ ಕೊಚ್ಚಿಗೆ ಹೋಗಿ, ಊರು ಬಿಡದೆ ಉಳಿದ ಯಹೂದಿ ವೃದ್ಧರೊಬ್ಬರಿಗೆ ಮುದ್ದಕ್ಕನ ಪ್ರಶ್ನೆಗಳನ್ನೇ ಕೇಳಿದೆ. ಹಿಂದೆ ಪ್ರಬಂಧಕ್ಕಾಗಿ ನಾನು ಕೇಳಿದ ನಲವತ್ತು ಪ್ರಶ್ನೆಗೆ ಹೌದು, ಇಲ್ಲ ಎಂದಷ್ಟೇ ಹೇಳಿದ್ದವರು ಈ ಸಲ ಮೂರು ದಿನ ಮಾತಾಡಿದರು. ಅವರಣ್ಣ ಸುರುಳಿಯನ್ನು ಕೂಸಿನಂತೆ ಬಟ್ಟೆಯಲ್ಲಿ ಸುತ್ತಿ, ದಾರಿಯುದ್ದಕ್ಕೂ ಮಡಿಲಿನಿಂದ ಇಳಿಸಲಿಲ್ಲವಂತೆ.

ಅದನ್ನೆಲ್ಲ ಬರೆದು, ಕರಡು ಹಿಡಿದು ಮುದ್ದಕ್ಕನ ಮನೆಗೆ ಹೋದೆ. ಮೊಮ್ಮಗಳು ಲತಾ ಗಟ್ಟಿಯಾಗಿ ಓದತೊಡಗಿದಳು. ನಾಲ್ಕನೇ ಪುಟದಲ್ಲಿ ಮುದ್ದಕ್ಕ ಕೈ ಅಡ್ಡ ಹಿಡಿದರು.

"ದೇವ್ರು ಇನ್ನೂ ಮನೆ ಬಿಟ್ಟೇ ಇಲ್ವಲ್ಲಪ್ಪ. ಬೇಗ ಹೊರಡ್ಸು."

ಐದು ಪುಟದ ಪೀಠಿಕೆಯನ್ನು ಅವರ ಜಗಲಿಯಲ್ಲೇ ಕಿತ್ತುಹಾಕಿದೆ.