ವಿಧಿಸಿದವರು ಯಾರು?

ಮುಂಬಯಿಯ ಸಯನ್ನಿನ ನಮ್ಮ ಪುಟ್ಟ ಚಾಳಿನಲ್ಲಿ ಹನ್ನೆರಡು ಖೋಲಿಗಳು, ಹನ್ನೆರಡರಲ್ಲೂ ಕನ್ನಡದವರೇ. ಅವರೆಲ್ಲರೊಳಗೆ ದುಂಡಗೆ ಬರೆಯುವ ಕೈ ನನ್ನದೊಂದೇ ಎಂಬ ಹೆಮ್ಮೆ, ಧಾರವಾಡ ಬಿಟ್ಟು ಬಂದು ಗುಮಾಸ್ತನಾದ ಮೇಲೂ ನನ್ನಿಂದ ಇಳಿದಿರಲಿಲ್ಲ. ಪೂಜೆಯ ಕರೆಯೋಲೆಯಾಗಲಿ, ಊರಿಗೆ ಹೋಗುವ ಅರ್ಜಿಯಾಗಲಿ ನನ್ನ ಕೈಯಿಂದಲೇ ಆಗಬೇಕು. ಸ್ವರಾಜ್ಯ ಬಂದು ಎಂಟೊಂಬತ್ತು ವರ್ಷವಾಗಿದ್ದ ಒಂದು ಬೇಸಗೆಯಲ್ಲಿ, ಚಾಳಿನ ಕಾರ್ಯದರ್ಶಿ ರಾಘಣ್ಣ, ಬೆಳಗಾವಿ ಕಡೆಯ ಬಟ್ಟೆ ವ್ಯಾಪಾರಿ, ಒಂದು ಹಲಗೆಯನ್ನೂ ಬಣ್ಣದ ಡಬ್ಬಿಯನ್ನೂ ತಂದು ನನ್ನ ಮುಂದಿಟ್ಟ. ನಾನು ಬರೆದೆ: “ಮನೆಗೆಲಸದವರು ಈ ನಳದ ನೀರನ್ನು ಕುಡಿಯಕೂಡದೆಂದು ವಿಧಿಸಲಾಗಿದೆ.” ಅವನು ಹೇಳಿದ್ದು ‘ಕುಡಿಯಬಾರದು’ ಎಂದಷ್ಟೇ. ಅದಕ್ಕೆ ಗಾಂಭೀರ್ಯ ಸಾಲದೆಂದು ಕೊನೆಯ ಪದವನ್ನು ಸೇರಿಸಿದವನು ನಾನು.

ಮನೆಗೆಲಸದವರೆಂದರೆ ಇದ್ದವಳು ಗಂಗವ್ವನೊಬ್ಬಳೇ. ವಿಜಾಪುರದಿಂದ ಬಂದು ಧಾರಾವಿಯಲ್ಲಿ ನೆಲೆಸಿದ್ದ ಅವಳು ರಾಘಣ್ಣನದೂ ನಮ್ಮದೂ ಸೇರಿ ನಾಲ್ಕು ಮನೆಗಳಿಗೆ ಸ್ನಾನದ ನೀರು ಹೊರುತ್ತಿದ್ದಳು. ಅವಳ ಗಂಡ ಚರ್ಮ ಹದಮಾಡುವ ಕೆಲಸದವನೆಂದು ತಿಳಿದ ವಾರವೇ ಈ ಹಲಗೆ ಬಂತು. ನಳ ತಿರುವಲು ಅವಳ ಕೈ ಆಗುತ್ತಿತ್ತು, ಅದರಡಿ ಅವಳ ಬೊಗಸೆ ಆಗುತ್ತಿರಲಿಲ್ಲ!

ಮರುದಿನ ಬೆಳಿಗ್ಗೆ, ಓದು ಬಾರದ ಗಂಗವ್ವ ನಳದ ಮೇಲೆ ಗೋಡೆಗೆ ಜಡಿದಿದ್ದ ಹಲಗೆಯ ಮುಂದೆ ಕೊಡ ಇಳಿಸಿ ನನ್ನನ್ನು ತಡೆದಳು. “ಏನ್ ಬರದೀರಿ ಸಾಹೇಬ್ರ, ಓದಿ ಹೇಳ್ರಿ.”

ಓದಿದೆ.

“ವಿಧಿಸಲಾಗಿದೆ ಅಂದ್ರ? ಯಾರು ವಿಧಿಸ್ಯಾರ್ರಿ?”

ಕಚೇರಿಗೆ ಹೊತ್ತಾಯಿತೆಂದು ನಾನು ಅಲ್ಲಿಂದ ಕಾಲ್ತೆಗೆದೆ.

ಗೆಳೆಯರೇ, ಆ ಪದವನ್ನು ನೀವೇ ಒಮ್ಮೆ ತಿರುವಿ ನೋಡಿ. ತೆರಿಗೆ ವಿಧಿಸುತ್ತಾರೆ, ಶಿಕ್ಷೆ ವಿಧಿಸುತ್ತಾರೆ. ಅಲ್ಲೆಲ್ಲ ವಿಧಿಸುವವನಿಗೆ ಒಂದು ಮುಖವಿದೆ, ಬೇಕೆಂದರೆ ಎದುರು ನಿಂತು ಕೇಳಬಹುದು. ‘ವಿಧಿಸಲಾಗಿದೆ’ ಎಂದೊಡನೆ ಆ ಮುಖ ಮಾಯವಾಗುತ್ತದೆ. ಹಣೆಬರಹಕ್ಕೂ ನಾವು ವಿಧಿ ಎನ್ನುವುದರಿಂದ, ಹನ್ನೆರಡು ಖೋಲಿಗಳ ಕ್ಷುದ್ರತನ ಬ್ರಹ್ಮಲಿಪಿಯ ಠೀವಿಯಿಂದ ಗೋಡೆ ಏರುತ್ತದೆ. ಇಂಥ ಹೇಡಿ ವ್ಯಾಕರಣವನ್ನು ಶಾಲೆಯಲ್ಲಿ ಕಲಿತು, ಅದನ್ನು ವಿದ್ಯೆ ಎಂದುಕೊಂಡಿದ್ದೆನಲ್ಲ ಎಂದು ಮೈ ಉರಿಯಿತು.

ಆ ಸಂಜೆಯೇ ರಾಘಣ್ಣನ ಖೋಲಿಗೆ ಹೋದೆ. “ವಿಧಿಸಿದವರ ಹೆಸರು ಕೆಳಗ ಬರೀತೀನಿ. ನಿನ್ನ ಹೆಸರೇ ಮೊದಲು,” ಎಂದೆ.

“ಹೆಸರ್ಯಾಕೋ ಮಾರಾಯಾ?” ಅವನು ಬೆಚ್ಚಿಬಿದ್ದ. “ಅಸ್ಪೃಶ್ಯತಾ ಮಾಡಿದ್ರ ಜೇಲು ಅಂತ ಹೊಸಾ ಕಾಯದೆ ಬಂದೈತಿ. ನಾಳೆ ಪೊಲೀಸರು ಬಂದ್ರ ಸಿಕ್ಕೊಳ್ಳೂದು ನಾವ!”

“ಹಂಗಾದ್ರ ಹಲಗಿ ಇರೂದಿಲ್ಲ,” ಎಂದು ಕೆಳಗಿಳಿದು ಅದನ್ನು ನಾನೇ ಕಿತ್ತೆ. ಯಾರೂ ತಡೆಯಲಿಲ್ಲ, ತಡೆಯಲು ಬಂದವನಿಗೂ ಹೆಸರೊಂದು ಅಂಟಿಕೊಳ್ಳುತ್ತಿತ್ತಲ್ಲ.

ಮರುದಿನ ಗಂಗವ್ವನಿಗೆ ಕೊಂಚ ಬೀಗುತ್ತಲೇ ಸುದ್ದಿ ಹೇಳಿದೆ. ಅವಳು ನಳ ಬಿಟ್ಟು, ಬೊಗಸೆಯೊಡ್ಡಿ, ಸಾಲಿನಲ್ಲಿ ನಿಂತ ಎಲ್ಲರ ಎದುರು ನಿಧಾನವಾಗಿ ಹೊಟ್ಟೆತುಂಬ ಕುಡಿದಳು. ಸೆರಗಿನಿಂದ ಬಾಯೊರೆಸಿಕೊಂಡು ನನ್ನತ್ತ ತಿರುಗಿದಳು.

“ಇವತ್ತಿಂದ ನಿಮ್ಮನಿ ಕೆಲಸಕ್ಕ ಬರಂಗಿಲ್ರಿ.”

“ಯಾಕವ್ವಾ? ಹಲಗಿ ಕಿತ್ತಾಂವ ನಾನ ಅಲ್ಲೇನು?”

“ಉಳದವ್ರು ಮನಸಿನಾಗ ಅಂದ್ಕೊಂಡಿದ್ರು. ಬರದವ್ರು ನೀವು.”

ಉಳಿದ ಮೂರು ಮನೆಗಳನ್ನು ಅವಳು ಬಿಡಲಿಲ್ಲ. ನಮ್ಮ ಹಂಡೆಗೆ ನೀರು ಹೊರುವವನು ನಾನಾದೆ. ಕಿರಿದಾದ ಆ ಮೆಟ್ಟಿಲುಗಳ ಮೇಲೆ ಅವಳು ಎದುರಾದಾಗಲೆಲ್ಲ ನಾನು ಗೋಡೆಗೊತ್ತಿ ನಿಂತು ದಾರಿ ಬಿಡುತ್ತಿದ್ದೆ; ಹಾಗೆಂದು ಯಾರೂ ನನಗೆ ವಿಧಿಸಿರಲಿಲ್ಲ.