ಕಾಕಿಯ ಮೆಂತ್ಯಕ್ಕೆ ನಾನು ಬರೆದ ಎಂಟು ದಿನ

ಹಸೀನಾ ಕಾಕಿ, ನಿಮ್ಮ ಮೆಂತ್ಯ ಒಣಗಿದ್ದು ನನ್ನಿಂದ. ಫೋನಿನಿಂದಲ್ಲ, ಕಾಲುವೆಯಿಂದಲೂ ಅಲ್ಲ — ನನ್ನಿಂದ.

ಎರಡು ವರ್ಷದ ಹಿಂದೆ ಹಿಡಕಲ್ ಕಾಲುವೆಯ ನೀರಿನ ಪಾಳಿಗೆ ಹೊಸ ಆ್ಯಪ್ ಬಂತಲ್ಲ, ಆಗಿನ ಮಾತು. ಪ್ರತಿ ಹೊಲದ ಪರವಾಗಿ ಫೋನಿನೊಳಗೆ ಒಂದು ಏಜೆಂಟ್. ಅವು ತಮ್ಮತಮ್ಮಲ್ಲೇ ಚೌಕಾಸಿ ಮಾಡಿ ಯಾರಿಗೆ ಯಾವಾಗ ನೀರೆಂದು ತೀರ್ಮಾನಿಸುತ್ತಿದ್ದವು. "ವಕೀಲರು ಬಂದಾರ ನೋಡವ್ವಾ, ಇನ್ನ ನಾವು ಜಗಳಾಡೂದು ತಪ್ಪಿತು" ಎಂದು ನಕ್ಕು ನಿಮ್ಮ ಫೋನನ್ನು ನನ್ನ ಕೈಗಿತ್ತಿರಿ. "ಗೌರವ್ವಾ, ನೀನ ತುಂಬು."

ನೀರಿಲ್ಲದೆ ಬೆಳೆ ಎಷ್ಟು ದಿನ ತಡೆಯುತ್ತದೆ ಎಂದು ಆ್ಯಪ್ ಕೇಳಿತ್ತು. ನೀವು ಅಂದದ್ದು: "ನಂದೇನೈತಿ ಬಿಡು, ಎಂಟ ದಿನಾ ತಡದೀತು. ಮೊದಲ ನಿಮಗ ಆಗ್ಲಿ."

ಮೆಂತ್ಯ ನಾಲ್ಕು ದಿನ ತಡೆದರೆ ಹೆಚ್ಚೆಂದು ನನಗೆ ಗೊತ್ತಿರಲಿಲ್ಲವೇ? ಕಾಲುವೆ ದಂಡೆಯ ಮೇಲೆ ನೀವು ಹೀಗಂದಾಗಲೆಲ್ಲ ನಾವೇ "ಅದ್ಹೆಂಗ್ ಆಕೈತ್ರಿ ಕಾಕಿ, ಮೆಂತ್ಯ ಪಲ್ಯಕ್ಕ ಮೊದಲ ಹಾಯಿಸ್ರಿ" ಎಂದು ಹಟ ಹಿಡಿಯುತ್ತಿದ್ದೆವು. ನೀವು ಬೇಡ ಅನ್ನಬೇಕು, ನಾವು ಒತ್ತಾಯ ಮಾಡಬೇಕು — ನಮ್ಮ ಕಡೆ ಅದೇ ರೀತಿ. ಆ ದಿನ ನಾನು ಒತ್ತಾಯ ಮಾಡಲಿಲ್ಲ. ಎಂಟು ಎಂದೇ ತುಂಬಿದೆ. ಹತ್ತು ದಿನ ಆರಾಮಾಗಿ ತಡೆಯುವ ನನ್ನ ಕಬ್ಬಿಗೆ ಮಾತ್ರ, ನನ್ನ ಫೋನಿನಲ್ಲಿ — ಮೂರು.

ನೀವು ಮರ್ಯಾದೆಗೆ ಆಡಿದ ಮಾತು ಏಜೆಂಟುಗಳಿಗೆ ಹೇಗೆ ತಿಳಿಯಬೇಕು? ಪ್ರತಿ ಪಾಳಿಯಲ್ಲೂ ನಿಮ್ಮದು ಬಿಟ್ಟುಕೊಟ್ಟಿತು, ನನ್ನದು ಪಡೆದುಕೊಂಡಿತು. ಮಡಿ ಮಡಿಯೇ ಹಳದಿಯಾಯಿತು. ಇದ್ದುದರಲ್ಲೇ ಹಸಿರಾದದ್ದನ್ನು ಆರಿಸಿ ಒಂದು ಸೂಡು ಕಟ್ಟಿ ತಂದಿರಿ — "ಉಣ್ಣವ್ವಾ, ಈ ಸಲ ಇಷ್ಟ ಬಂತು." ಥೂ ನನ್ನ ಜನ್ಮಕ್ಕೆ — ತಗೊಂಡೆ. ಪಲ್ಯ ಮಾಡಿ ಉಂಡೆ ಕೂಡ.

ಆಮೇಲೆ ನೀವು ಮೆಂತ್ಯ ಬಿಟ್ಟು ಗೋವಿನಜೋಳ ಹಾಕಿದಿರಿ. ಮೂಡಲಗಿ ಸಂತೆಯಲ್ಲಿ ನಿಮ್ಮ ಜಾಗದಲ್ಲಿ ಈಗ ಬೇರೆ ಯಾರೋ ಕೂಡುತ್ತಾರೆ. ಗೋಕಾಕದಿಂದ ಬರುವ ಹೆಂಗಸರು "ಕಾಕಿ ಯಾಕ ಬರವಲ್ಲರು?" ಎಂದು ನನ್ನನ್ನೇ ಕೇಳುತ್ತಾರೆ. ಅವರೊಡನೆ ಆಡುವ ನಾಲ್ಕು ಮಾತಿಗಾಗಿಯೇ ನೀವು ವಾರವಿಡೀ ಕಾಯುತ್ತಿದ್ದಿರಿ. ಅದನ್ನೂ ಕಸಿದುಕೊಂಡೆ.

ನನ್ನ ಮೂರನ್ನು ಇಂದು ಹತ್ತು ಮಾಡಿದ್ದೇನೆ. ನಿಮ್ಮ ಎಂಟನ್ನು ತಿದ್ದಲು ನಿಮ್ಮ ಫೋನೇ ಬೇಕು. ನಾಳೆ ಮುಂಜಾನೆ ಬರುತ್ತೇನೆ, ಈ ಕಾಗದವನ್ನು ನಾನೇ ಓದಿ ಹೇಳುತ್ತೇನೆ. ಕೇಳಿದ ಮೇಲೆ ಬೈಯಿರಿ, ಕಾಕಿ. "ಇರ್ಲಿ ಬಿಡವ್ವಾ" ಅಂತ ಮಾತ್ರ ಅನ್ನಬೇಡಿ — ಅಂದರೆ, ಅದನ್ನೂ ಖರೆ ಎಂದುಕೊಂಡು ನಾನು ಎದ್ದು ಮನೆಗೆ ಬಂದುಬಿಡುತ್ತೇನೆ.