ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ

ಮೊದಲು ಬಂದದ್ದು ವಾಸನೆ.

ಬೆಳಿಗ್ಗೆ ಜೋಳದ ರೊಟ್ಟಿ ಮಾಡುತ್ತಿದ್ದೆ. ಏನೋ ಸುಟ್ಟಂತೆ ನಾತ. ರೊಟ್ಟಿ ಸೀದಿರಬೇಕೆಂದು ಹಂಚಿನತ್ತ ನೋಡಿದೆ. ನನ್ನ ಬಲಗೈಯ ಕಿರುಬೆರಳು ಹಂಚಿನ ಅಂಚಿಗೆ ಒತ್ತಿಕೊಂಡೇ ಇತ್ತು. ಕೈ ಎಳೆದುಕೊಂಡೆ. ಚರ್ಮ ಬೆಳ್ಳಗೆ ಉಬ್ಬಿತ್ತು.

ನೋವೇ ಇರಲಿಲ್ಲ.

ನಾನು ಬೀದರಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವಳು. ಮನೆ ಮೈಲೂರಿನಲ್ಲಿ. ಗಂಡ ಬಸವರಾಜ ಬ್ಯಾಂಕಿನಲ್ಲಿದ್ದಾರೆ, ಮಗಳು ಅಕ್ಷತಾ ಹೈಸ್ಕೂಲಿನಲ್ಲಿ. ಬೆರಳು ಸುಡುವ ಎಷ್ಟೋ ಮೊದಲೇ ಮೊಣಕೈ ಹತ್ತಿರ ಒಂದು ಮಸುಕು ಮಚ್ಚೆ ಎದ್ದಿತ್ತು. ತುರಿಕೆ ಇಲ್ಲ, ಉರಿ ಇಲ್ಲ. ಚರ್ಮದ ಡಾಕ್ಟರು ಫಂಗಸ್ ಎಂದು ಮುಲಾಮು ಕೊಟ್ಟರು. ಬೆರಳು ಜೋಮು ಹಿಡಿದಾಗ ಮೂಳೆ ಡಾಕ್ಟರು ಕುತ್ತಿಗೆಯ ನರ ಎಂದರು. ಹೈದರಾಬಾದಿಗೆ ಹೋಗಿ ಎಂಆರ್‌ಐ ಮಾಡಿಸಿದೆವು. ವಿಟಮಿನ್ ಇಂಜೆಕ್ಷನ್ ಚುಚ್ಚಿಸಿಕೊಂಡೆ. ಅವರಲ್ಲಿ ಯಾರೂ ಕೆಟ್ಟವರಲ್ಲ, ಅಸಡ್ಡೆ ಮಾಡಿದವರೂ ಅಲ್ಲ. ಇಲ್ಲವೆಂದು ತಿಳಿದಿರುವುದನ್ನು ಯಾರಾದರೂ ಹೇಗೆ ಹುಡುಕುತ್ತಾರೆ?

ಅಷ್ಟರಲ್ಲಿ ಕಿರುಬೆರಳು, ಉಂಗುರದ ಬೆರಳು ಎರಡೂ ಒಳಕ್ಕೆ ಬಾಗತೊಡಗಿದ್ದವು. ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣ ಜಾರುತ್ತಿತ್ತು.

ಔರಾದಿನಲ್ಲಿರುವ ನನ್ನ ಅಕ್ಕನಿಗೆ ಜ್ವರ ಬಂತೆಂದು ನೋಡಲು ಹೋಗಿದ್ದೆ. ಅಲ್ಲಿಯ ದವಾಖಾನೆಗೆ ಅವಳನ್ನು ಕರೆದೊಯ್ದೆ. ನಿವೃತ್ತಿಯ ಅಂಚಿನಲ್ಲಿದ್ದ ಡಾಕ್ಟರಮ್ಮ ಅಕ್ಕನಿಗೆ ಮಾತ್ರೆ ಬರೆದುಕೊಟ್ಟರು. ಚೀಟಿ ತೆಗೆದುಕೊಳ್ಳಲು ನಾನು ಕೈ ಚಾಚಿದೆ. ಅವರು ಚೀಟಿ ಬಿಡಲಿಲ್ಲ.

"ಈ ಬೆರಳು ಯಾವಾಗಿಂದ ಹಿಂಗ ಬಾಗ್ಯಾವ್ರಿ?"

ಹೇಳಿದೆ. ಅವರು ನನ್ನ ಮೊಣಕೈ ಹಿಂದಿನ ನರವನ್ನು ಒತ್ತಿ ನೋಡಿದರು. ಹತ್ತಿಯ ಎಳೆಯಿಂದ ಮಚ್ಚೆಯನ್ನು ಸವರಿ, "ಕಣ್ಣ ಮುಚ್ಚ್ರಿ. ಮುಟ್ಟಿದ್ದು ತಿಳಿಲತ್ತದೇನ್ರಿ?" ಎಂದರು.

ನಾನು ಅವರು ಮುಟ್ಟುವುದನ್ನೇ ಕಾಯುತ್ತಿದ್ದೆ. ಅವರು ಆಗಲೇ ಮುಟ್ಟಿ ಮುಗಿಸಿದ್ದರು.

"ಮೇಡಂ, ಇದು ಲೆಪ್ರಸಿ ಅನಸ್ತದ್ರಿ. ಟೆಸ್ಟ್ ಮಾಡಿ ಖಾತ್ರಿ ಮಾಡ್ಕೊಳ್ಳಮ್ರಿ."

ಕುಷ್ಠ.

"ಅದು ಹೋಗ್ಯದಲ್ರಿ ಡಾಕ್ಟರ್? ನಾನೇ ಪಾಠದಾಗ ಹೇಳ್ತೀನಿ," ಎಂದೆ. ಸುಳ್ಳಲ್ಲ. ಅಂತರರಾಷ್ಟ್ರೀಯ ಸಂಸ್ಥೆಗಳ ಸಾಧನೆಗಳು ಎಂಬ ಅಧ್ಯಾಯದಲ್ಲಿ, ಸಿಡುಬಿನ ನಂತರದ ಸಾಲಿನಲ್ಲಿ ಅದನ್ನು ವರ್ಷಗಟ್ಟಲೆ ಬರೆಸಿದ್ದೆ.

"ಹೋಗ್ಯದ ಅಂತ ಬರದಾರ್ರಿ. ಹತ್ತು ಸಾವಿರ ಮಂದ್ಯಾಗ ಒಬ್ಬರಕಿಂತ ಕಡಿಮಿ ಆದ್ರ ನಿರ್ಮೂಲನೆ ಆಯ್ತು ಅಂತ ಲೆಕ್ಕ. ಆಮ್ಯಾಲ ಜಗತ್ತಿನ ಲಕ್ಷ್ಯ ಬ್ಯಾರೆ ಕಡಿ ಹೋಯ್ತು, ರೊಕ್ಕನೂ ಆ ಕಡಿನೇ ಹೋಯ್ತು. ಮನಿಮನಿಗಿ ತಿರುಗಿ ನೋಡೋ ಮಂದಿ ಕಡಿಮಿ ಆದ್ರು. ಹೊಸಾ ಡಾಕ್ಟರ್‌ಗೋಳು ಪುಸ್ತಕದಾಗಷ್ಟೇ ನೋಡ್ಯಾರ್ರಿ."

ಆ ಒಬ್ಬರಿಗಿಂತ ಕಡಿಮೆಯವಳು ನಾನು.

ಟೆಸ್ಟ್ ಅವರ ಮಾತನ್ನು ಖಾತ್ರಿ ಮಾಡಿತು. ಬಸ್ಸಿನಲ್ಲಿ ಬೀದರಿಗೆ ಮರಳುವಾಗ ನನ್ನ ಪಕ್ಕದಲ್ಲಿ ನೀಲವ್ವಾಯಿ ಬಂದು ಕೂತಳು. ಅಂದರೆ, ಅವಳ ನೆನಪು. ನನ್ನ ತಾಯಿಯ ಸೋದರತ್ತೆ. ಕಮಲನಗರದಲ್ಲಿ ತಾಯಿಯ ತವರಿನ ಹಿತ್ತಲಲ್ಲಿ, ಎತ್ತಿನ ಕೊಟ್ಟಿಗೆಯ ಆಚೆ ಅವಳಿಗೊಂದು ಕೋಣೆ ಇತ್ತು. ಊಟವನ್ನು ಹೊಸ್ತಿಲ ಹೊರಗಿಟ್ಟು ದೂರ ಸರಿಯುತ್ತಿದ್ದರು. ನಾವು ಮಕ್ಕಳು ಅತ್ತ ಹೋದರೆ ಏಟು ಬೀಳುತ್ತಿತ್ತು. ಅವಳು ಸತ್ತ ಮೇಲೆ ಆ ಕೋಣೆಯನ್ನು ಕೆಡವಿದರು, ಆಮೇಲೆ ಮನೆಯಲ್ಲಿ ಯಾರೂ ಅವಳ ಹೆಸರು ಎತ್ತಲಿಲ್ಲ. ಬಸ್ಸಿನ ಕಿಟಕಿಯ ಗಾಜಿನಲ್ಲಿ ನನ್ನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಗಂಡನಿಗೆ ಹೇಳಿದೆ. ಅವರು ಮೊಬೈಲಿನಲ್ಲಿ ಏನೇನೋ ಓದಿದರು. ಆಮೇಲೆ ತಮ್ಮ ಹಾಸಿಗೆ ಎತ್ತಿಕೊಂಡು, "ಹಾಲ್‌ನಾಗ ಗಾಳಿ ಚಲೋ ಬರ್ತದ," ಎಂದರು.

ಅದು ಚಳಿಗಾಲ.

ನನ್ನ ತಟ್ಟೆ, ಲೋಟಗಳನ್ನು ನಾನೇ ಬೇರೆ ಇಟ್ಟುಕೊಂಡೆ. ಯಾರೂ ಹೇಳಿರಲಿಲ್ಲ. ಹಿತ್ತಲಿನ ಆ ಕೋಣೆಯನ್ನು ನಾನೇ ನನ್ನ ಸುತ್ತ ಕಟ್ಟಿಕೊಳ್ಳುತ್ತಿದ್ದೆ.

ಬಸವರಾಜ ನನಗೆ ತಿಳಿಸದೆ ಔರಾದಿಗೆ ಹೋಗಿ ಡಾಕ್ಟರನ್ನು ಕಂಡು ಬಂದರು. ಗುಳಿಗೆ ಶುರುವಾದರೆ ಅದು ಇನ್ನೊಬ್ಬರಿಗೆ ಹರಡುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರಂತೆ. ಮನೆಯವರೆಲ್ಲರ ಮೈ ಪರೀಕ್ಷೆ ಆಗಬೇಕು, ಅವರಿಗೂ ಒಂದು ಸಲ ಮಾತ್ರೆ ಕೊಡಬೇಕು ಎಂದರಂತೆ. ಬಂದವರು ಹಾಸಿಗೆಯನ್ನು ಒಳಗೆ ತಂದರು.

"ಯಾಕ?" ಎಂದೆ.

"ಹಾಲ್‌ನಾಗ ಥಂಡಿ ಭಾಳ ಅದ."

ಆ ವಿಷಯ ನಾವು ಮತ್ತೆ ಎತ್ತಿಲ್ಲ.

ಅಕ್ಷತಾಳ ಪರೀಕ್ಷೆಯ ದಿನ ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಅಂಥ ಭಯವನ್ನು ನನ್ನ ರೋಗಕ್ಕೆಂದೂ ಪಟ್ಟಿರಲಿಲ್ಲ. ಅವಳು ಹೊರಗೆ ಬಂದು, "ಏನಿಲ್ಲಂತಮ್ಮಾ," ಎಂದಳು. ಅವಳ ಕೈ ಹಿಡಿದುಕೊಂಡು ಎದ್ದೆ.

ಒಂದು ವರ್ಷದ ಔಷಧ. ಪ್ಯಾಕ್ ಉಚಿತ, ದೂರದ ದೇಶದಿಂದ ಬರುತ್ತದೆ. ಒಂದು ಸಲ ಅದು ತಡವಾಯಿತು. ನಾನು ಕಂಡರಿಯದ ಯಾವುದೋ ಊರಿನ ಯಾವುದೋ ಸಭೆಯಲ್ಲಿ ಯಾರೋ ಯಾವ ರೋಗ ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುತ್ತಾರೆ. ಅದನ್ನು ನಾನು ಪಾಠದಲ್ಲಿ 'ಆದ್ಯತೆಗಳು' ಎಂದು ಒಂದೇ ಪದದಲ್ಲಿ ಹೇಳಿ ಮುಂದೆ ಹೋಗುತ್ತಿದ್ದೆ. ಆ ವಾರ ಖಾಲಿ ಸ್ಟ್ರಿಪ್ ಕೈಯಲ್ಲಿ ಹಿಡಿದು ಕೂತಾಗ ಆ ಪದಕ್ಕೆ ತೂಕ ಇರುವುದು ತಿಳಿಯಿತು. ಡಾಕ್ಟರಮ್ಮ ಅಲ್ಲಿ ಇಲ್ಲಿ ಫೋನ್ ಮಾಡಿ ತರಿಸಿಕೊಟ್ಟರು.

ಮುಖ ಕಪ್ಪಾಯಿತು. ಮಾತ್ರೆಯ ಗುಣ ಅದು. ನಡುವೆ ನರ ಊದಿ ತೋಳಿನುದ್ದಕ್ಕೂ ಸಿಡಿತ ಶುರುವಾದಾಗ ಸ್ಟಿರಾಯ್ಡ್ ಕೊಟ್ಟರು, ಕೆನ್ನೆ ಊದಿತು. ಸ್ಟಾಫ್ ರೂಮಿನಲ್ಲಿ ಥೈರಾಯ್ಡ್ ಎಂದುಕೊಂಡರು. ನಾನು ಹೌದೆಂದೆ. ಕನ್ನಡಿಯಲ್ಲಿ ಆಗಾಗ ನನ್ನನ್ನು ನೋಡುತ್ತಿದ್ದವಳು ನಾನಲ್ಲ, ಹಿತ್ತಲಿನವಳು.

ಔಷಧ ಮುಗಿಯುವ ಹೊತ್ತಿಗೆ ಡಾಕ್ಟರಮ್ಮ ಫೋನ್ ಮಾಡಿದರು. ಬೇರೆ ಬೇರೆ ದೇಶದವರು ಸೇರುವ ಒಂದು ಆನ್‌ಲೈನ್ ಸಭೆ ಇದೆ, ಮುಂದಿನ ವರ್ಷಗಳಲ್ಲಿ ಯಾವುದಕ್ಕೆ ಒತ್ತು ಕೊಡಬೇಕು ಎಂಬ ಚರ್ಚೆ. ರೋಗ ಅನುಭವಿಸಿದವರೊಬ್ಬರು ಮಾತಾಡಬೇಕಂತೆ. "ಹೆಸರು ಹೇಳೋದು ಬ್ಯಾಡ್ರಿ. ಕ್ಯಾಮೆರಾ ಬಂದ್ ಇಡ್ರಿ, ನಡೀತದ."

ಸಭೆಯ ದಿನ ಭಾಲ್ಕಿಯಿಂದ ನನ್ನ ಅತ್ತೆ ಬಂದಿದ್ದರು. ಅವರಿಗೆ ನಾವಿನ್ನೂ ಹೇಳಿರಲಿಲ್ಲ. ಲಿಂಗಪೂಜೆ ಮುಗಿಸಿ ಬಂದವರು ಹಾಲ್‌ನಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಎದ್ದು ಹೋಗಿ ಎನ್ನಲು ನನಗೆ ಬಾಯಿ ಬರಲಿಲ್ಲ. ಪರದೆಯ ಮೇಲೆ ಸಾಲು ಸಾಲು ಮುಖಗಳು. ಅಂಕಿ, ಗುರಿ, ನಕ್ಷೆ. ನನ್ನ ಸರದಿ ಬಂತು. ಕ್ಯಾಮೆರಾ ಹಚ್ಚಿದೆ. ನನ್ನ ಹೆಸರು ಹೇಳಿದೆ, ಊರು ಹೇಳಿದೆ, ರೋಗದ ಹೆಸರು ಹೇಳಿದೆ. ಬಾಗಿದ ಬೆರಳನ್ನು ಎತ್ತಿ ತೋರಿಸಿದೆ. ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡಿದ್ದನ್ನು ಬಿಟ್ಟು ಕನ್ನಡದಲ್ಲಿ ಮಾತಾಡಿದೆ, ಡಾಕ್ಟರಮ್ಮ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು.

"ಕಡಿಮಿ ಆಗ್ಯದ ಅಂತ ಹೇಳ್ರಿ. ಇಲ್ಲ ಅಂತ ಹೇಳಬ್ಯಾಡ್ರಿ. ಇಲ್ಲ ಅಂದ್ರ ನಮ್ಮನ್ನ ಯಾರೂ ಮುಟ್ಟಿ ನೋಡಲ್ರಿ."

ಥ್ಯಾಂಕ್ಯೂ ಎಂದರು. ಮುಂದಿನವರನ್ನು ಕರೆದರು. ಅವರು ಏನು ತೀರ್ಮಾನಿಸಿದರೋ ನನಗೆ ಇಂದಿಗೂ ಗೊತ್ತಿಲ್ಲ.

ಅತ್ತೆ ಕುರ್ಚಿಯನ್ನು ನನ್ನತ್ತ ತಿರುಗಿಸಿದರು. "ನನಗ್ಯಾಕ ಹೇಳಲಿಲ್ಲವಾ?" ಎಂದರು.

"ಅಂಜಿಕಿ ಆಯ್ತ್ರಿ ಅತ್ತಿ."

"ನನಗೇ ಅಂಜಿದೇನು?"

ಹೌದೆಂದು ತಲೆ ಆಡಿಸಿದೆ. ಅವರ ಕಣ್ಣು ತುಂಬಿತು. ಬೈಯಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಮರುದಿನ ಬಾಗಿಲಿಗೆ ಬಂದ ಎದುರು ಮನೆಯ ಶಾಂತಾಬಾಯಿ ನನ್ನ ಮುಖ ಯಾಕೆ ಕಪ್ಪಾಗಿದೆ ಎಂದು ಕೇಳಿದಾಗ, ಅತ್ತೆ ನಾನು ಬಾಯಿ ತೆರೆಯುವ ಮೊದಲೇ ರೋಗದ ಹೆಸರನ್ನು ಜೋರಾಗಿ ಹೇಳಿದರು. "ಗುಳಿಗಿ ತಗೊಂಡಾಳ, ಆರಾಮ ಆಗ್ಯಾಳ," ಎಂದರು. ಶಾಂತಾಬಾಯಿ ಲಗುಬಗೆಯಿಂದ ಹೊರಟುಹೋದರು. ಆಮೇಲೆ ಕೆಲವು ದಿನ ಎದುರಿನ ಬಾಗಿಲು ನಾನು ಹೊರಬಂದಾಗಲೆಲ್ಲ ಮುಚ್ಚಿಕೊಳ್ಳುತ್ತಿತ್ತು.

ಒಂದು ಮಧ್ಯಾಹ್ನ ಅವರೇ ಬಂದರು. ಒಳಗೆ ಬಂದು ಕದ ಹಾಕಿಕೊಂಡರು. ಸೆರಗು ಸರಿಸಿ ಭುಜ ತೋರಿಸಿದರು.

"ಇದೊಂದೀಟು ನೋಡ್ರಿ. ತುರಸಲ್ಲ, ಏನಿಲ್ಲ."

ನಾನು ಡಾಕ್ಟರಲ್ಲ. ಆದರೂ ಭುಜದ ಮಸುಕು ಮಚ್ಚೆಯನ್ನು ಮುಟ್ಟಿ ನೋಡಿದೆ. ಮರುದಿನ ಇಬ್ಬರೂ ಔರಾದಿನ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಅವರು ನನ್ನ ಕೈ ಬಿಡಲಿಲ್ಲ.

ಡಾಕ್ಟರಮ್ಮ ಸವರಿ ನೋಡಿದರು, ಒತ್ತಿ ನೋಡಿದರು. ಹೌದು, ಅದೇ. ನರ ಊದಿಲ್ಲ, ಬೆರಳುಗಳಿಗೆ ಏನೂ ಆಗುವುದಿಲ್ಲ ಎಂದರು. ಶಾಂತಾಬಾಯಿ ಅಳತೊಡಗಿದರು. ಡಾಕ್ಟರಮ್ಮ ಅವರ ಭುಜದ ಮೇಲೆ ಕೈಯಿಟ್ಟು, "ಅಳಬ್ಯಾಡ್ರಿ. ಜಲ್ದಿ ಬಂದೀರಿ," ಎಂದರು.

ನನಗೆ ಯಾರೂ ಹೇಳದೇ ಹೋದ ಮಾತು ಅದು. ನನ್ನ ಕಿವಿಯಾರೆ ಕೇಳಿದೆ.